ನೂರಿಪ್ಪತ್ತರ ಹಂಚಿಕೆ

ಸಕಲೇಶಪುರದ ಒಂದು ಮನೆಯ ಜಗುಲಿ. ಹೊರಗೆ ಆಷಾಢದ ಮಳೆ. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ಕಾಫಿ ಲೋಟ ಹಿಡಿದು ಕೂತಿದ್ದಾರೆ. ಹಾಸನ–ಮಂಗಳೂರು ದಾರಿಯಲ್ಲಿ 22 ವರ್ಷ ಬಸ್ ಓಡಿಸಿರುವ ಪಕ್ಕದ ಮನೆಯವರು ಪ್ರಥಮ ಪಿಯುಸಿ ಓದುವ ಮಗಳನ್ನು ಕರೆದುಕೊಂಡು, ಛತ್ರಿ ಮಡಚುತ್ತ ಬರುತ್ತಾರೆ.

ಮಗಳು: ಸರ್, ಕಿರುಪರೀಕ್ಷೆಯಲ್ಲಿ ಒಂದು ಅಂಕ ಹೋಯ್ತು. ಬಸ್ಸು ಪೂರ್ವಕ್ಕೆ ಗಂಟೆಗೆ 60 ಕಿಲೋಮೀಟರ್, ಲಾರಿ ಪಶ್ಚಿಮಕ್ಕೆ 40. ಬಸ್ಸಿನಿಂದ ನೋಡಿದ್ರೆ ಲಾರಿಯ ವೇಗ ಎಷ್ಟು, ಲಾರಿಯಿಂದ ನೋಡಿದ್ರೆ ಬಸ್ಸಿನ ವೇಗ ಎಷ್ಟು ಅಂತ ಪ್ರಶ್ನೆ. ಎರಡಕ್ಕೂ 100 ಅಂತ ಬರೆದೆ.

ಮೇಷ್ಟ್ರು: ದಿಕ್ಕು ಬಿಟ್ಟಿದ್ದೀಯ ಮಗೂ. ಜವಕ್ಕೆ ದಿಕ್ಕು ಬೇಡ, ವೇಗಕ್ಕೆ ಬೇಕು. ಬಸ್ಸಿನಲ್ಲಿ ಕೂತವರಿಗೆ ಲಾರಿ ಪಶ್ಚಿಮಕ್ಕೆ 100, ಲಾರಿಯಲ್ಲಿ ಕೂತವರಿಗೆ ಬಸ್ಸು ಪೂರ್ವಕ್ಕೆ 100. ಪ್ರಮಾಣ ಒಂದೇ, ದಿಕ್ಕು ಎದುರುಬದುರು. ಆ ಅಂಕ ಹೋಗಿದ್ದು ಸರಿಯೇ.

ಡ್ರೈವರ್: ಅಂಕದ ಮಾತು ಬಿಡಿ ಮೇಷ್ಟ್ರೇ, ಅದು ಅವಳ ಕಷ್ಟ. ನನಗೆ ಒಪ್ಪಿಗೆಯಾಗದೇ ಇರೋದು ಆ ‘ಪ್ರಮಾಣ ಒಂದೇ’ ಅನ್ನೋ ಮಾತು. ನೆನ್ನೆ ರಾತ್ರಿ ಊಟಕ್ಕೆ ಕೂತಾಗ ಇವಳು ಅದನ್ನೇ ಓದಿ ಹೇಳಿದ್ಲು. ತುತ್ತು ಇಳೀಲಿಲ್ಲ.

ಮೇಷ್ಟ್ರು: ಯಾಕೆ?

ಡ್ರೈವರ್: ಒಂಬತ್ತು ವರ್ಷದ ಹಿಂದಿನ ಮಾತು. ಶಿರಾಡಿ ಘಾಟಿ ಹತ್ತಿ ಬರ್ತಿದ್ದೆ. ಮಾರನಹಳ್ಳಿ ಹತ್ತಿರ ಒಂದು ತಿರುವು. ಎದುರಿಂದ ಒಂದು ಬೈಕು, ಲಾರಿ ಹಿಂದಿಕ್ಕೋಕೆ ಅಂತ ನನ್ನ ಕಡೆಗೇ ಬಂತು. ಬ್ರೇಕ್ ಒತ್ತಿದೆ. ನಂಗೆ ಗೊತ್ತಾಗಿದ್ದು ಸ್ಟಿಯರಿಂಗ್‌ನಲ್ಲಿ ಸಣ್ಣದೊಂದು ಅದುರು, ಅಷ್ಟೇ. ಹಿಂದಿನ ಸೀಟಲ್ಲಿ ಮಲಗಿದ್ದ ಅಜ್ಜಿಗೆ ಎಚ್ಚರವೂ ಆಗಲಿಲ್ಲ. ಇಳಿದು ನೋಡಿದ್ರೆ ಹುಡುಗ ಇರಲಿಲ್ಲ. ತಪ್ಪು ನಂದಲ್ಲ ಅಂತ ಎಲ್ಲಾ ಕಡೆ ಬರೆದರು. ಆದ್ರೆ ನೀವು ಹೇಳಿ, ಅವನಿಗೂ ನನಗೂ ವೇಗ ಒಂದೇ ಅಂತ ಪುಸ್ತಕ ಹೇಗೆ ಹೇಳುತ್ತೆ? ಒಂದೇ ಆಗಿದ್ರೆ ನಾನು ಇಲ್ಲಿ ಕೂತು ಕಾಫಿ ಕುಡೀತಾ ಇರ್ತಿರಲಿಲ್ಲ.

(ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಲೋಟ ಪಕ್ಕಕ್ಕಿಟ್ಟು ಹುಡುಗಿಯ ನೋಟ್‌ಬುಕ್ ತೆಗೆದುಕೊಳ್ಳುತ್ತಾರೆ.)

ಮೇಷ್ಟ್ರು: ನಿಮ್ಮ ಪ್ರಶ್ನೆ ಪುಸ್ತಕದ ಪ್ರಶ್ನೆಗಿಂತ ದೊಡ್ಡದು. ಲೆಕ್ಕ ಮಾಡೇ ಉತ್ತರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆವತ್ತಿನ ಘಟನೆ ಬೇಡ, ಒಂದು ಊಹೆಯ ಉದಾಹರಣೆ ಇಟ್ಕೊಳ್ಳೋಣ. ಜನ ತುಂಬಿದ ಬಸ್ಸು 15,000 ಕಿಲೋ. ಬೈಕು, ಸವಾರ, ಬೆನ್ನಿನ ಚೀಲ ಎಲ್ಲಾ ಸೇರಿ 250 ಕಿಲೋ. ಎರಡೂ 60ರಲ್ಲಿ ಎದುರುಬದುರು. ಸಾಪೇಕ್ಷ ವೇಗ 120, ಬಸ್ಸಿಂದ ನೋಡಿದ್ರೂ ಅಷ್ಟೇ, ಬೈಕಿಂದ ನೋಡಿದ್ರೂ ಅಷ್ಟೇ. ಗುದ್ದಿದ ಮೇಲೆ ಎರಡೂ ಅಂಟಿಕೊಂಡು ಒಟ್ಟಿಗೆ ಹೋಗುತ್ತೆ ಅಂದುಕೊಳ್ಳಿ. ಸಂವೇಗ ಉಳೀಬೇಕು. ಮಗೂ, ನೀನೇ ಹೇಳು.

ಮಗಳು: 15,000 ಇಂಟು 60, ಮೈನಸ್ 250 ಇಂಟು 60, ಭಾಗಿಸು 15,250... 58 ಬರುತ್ತೆ ಸರ್.

ಮೇಷ್ಟ್ರು: ಅಂದ್ರೆ 60ರಲ್ಲಿದ್ದ ಬಸ್ಸು 58ಕ್ಕೆ ಇಳೀತು. ಬಸ್ಸಿನವರ ಮೈಮೇಲೆ ಬಂದಿದ್ದು 2. ಬೈಕು ಮುಂದಕ್ಕೆ 60ರಲ್ಲಿದ್ದದ್ದು ಹಿಂದಕ್ಕೆ 58 ಆಯ್ತು. ಸವಾರನ ಮೈಮೇಲೆ ಬಂದಿದ್ದು 118. ಎರಡೂ ಕೂಡಿಸಿ.

ಡ್ರೈವರ್: ನೂರಿಪ್ಪತ್ತು.

ಮೇಷ್ಟ್ರು: ಹೌದು. ಆ 120 ಬಸ್ಸಿನದೂ ಅಲ್ಲ, ಬೈಕಿನದೂ ಅಲ್ಲ. ಇಬ್ಬರ ನಡುವಿನದು. ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿರೋ ಸಾಲದ ಹಾಗೆ. ಪತ್ರದಲ್ಲಿ ಮೊತ್ತ ಒಂದೇ ಇರುತ್ತೆ. ತೀರಿಸೋಕೆ ಬಂದಾಗ ಯಾರು ಎಷ್ಟು ಕೊಡಬೇಕು ಅನ್ನೋದನ್ನ ತೂಕ ತೀರ್ಮಾನ ಮಾಡುತ್ತೆ. ಬಸ್ಸು ಅರವತ್ತು ಪಟ್ಟು ಭಾರ, ಅದಕ್ಕೆ ಬೈಕಿನ ಪಾಲಿನ ಅರವತ್ತನೇ ಒಂದು ಭಾಗ. ಪುಸ್ತಕ ಮೊತ್ತದ ಬಗ್ಗೆ ಹೇಳುತ್ತೆ, ನೀವು ನೋಡಿದ್ದು ಪಾಲು.

ಡ್ರೈವರ್: (ನಿಧಾನವಾಗಿ) ಎರಡು... ನೂರಾ ಹದಿನೆಂಟು.

ಮೇಷ್ಟ್ರು: ಇನ್ನೊಂದು ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಒಂದೇ ತೂಕದ ಎರಡು ಬಸ್ಸು 60ರಲ್ಲಿ ಎದುರುಬದುರು ಗುದ್ದಿದ್ರೆ 120ರಲ್ಲಿ ಬಂಡೆಗೆ ಗುದ್ದಿದ ಹಾಗೆ ಅಂತಾರೆ. ಅಲ್ಲ. 120 ಸಮ ಪಾಲಾಗಿ ತಲಾ 60 ಬರುತ್ತೆ. ಪ್ರತಿ ಬಸ್ಸಿಗೂ ಅದು 60ರಲ್ಲಿ ಬಂಡೆಗೆ ಗುದ್ದಿದ ಏಟು. ಡಚ್ ವಿಜ್ಞಾನಿ ಹೈಗನ್ಸ್ 17ನೇ ಶತಮಾನದಲ್ಲೇ ಇದನ್ನ ಹೀಗೆ ಯೋಚಿಸಿದ್ದ. ಕಾಲುವೆಯಲ್ಲಿ ಹೋಗೋ ದೋಣಿಯಲ್ಲೊಬ್ಬ ಎರಡು ಗುಂಡು ತೂಗುಬಿಟ್ಟು ಢಿಕ್ಕಿ ಹೊಡೆಸ್ತಾನೆ, ದಡದ ಮೇಲೊಬ್ಬ ನಿಂತು ಅದೇ ಢಿಕ್ಕಿಯನ್ನ ನೋಡ್ತಾನೆ. ಇಬ್ಬರಿಗೂ ಗುಂಡುಗಳ ವೇಗ ಬೇರೆ ಬೇರೆ ಕಾಣುತ್ತೆ. ಗುಂಡುಗಳು ಒಂದರ ಹತ್ತಿರ ಒಂದು ಬರೋ ವೇಗ ಮಾತ್ರ ಇಬ್ಬರಿಗೂ ಅದೇ. ಆ ಒಂದು ಎಳೆ ಹಿಡಿದು ಅವನು ಢಿಕ್ಕಿಯ ನಿಯಮಗಳನ್ನ ಬಿಡಿಸಿದ. ಅದನ್ನ ಬರೆದಿಟ್ಟ ಅವನ ಪುಸ್ತಕ ಅಚ್ಚಾಗಿದ್ದು 1703ರಲ್ಲಿ, ಅವನು ತೀರಿಕೊಂಡ ಮೇಲೆ.

ಡ್ರೈವರ್: ಸರಿ. ಪಾಲಿನ ಮಾತು ತಲೆಗೆ ಹೋಯ್ತು. ಆದ್ರೂ ಒಂದು ಇದೆ. ನಾನು ಮರ ದಾಟಿ ಹೋಗ್ತೀನಿ. ನಿಮ್ಮ ಲೆಕ್ಕದಲ್ಲಿ ನಾನು ನಿಂತಿದ್ದೀನಿ, ಮರವೇ 60ರಲ್ಲಿ ಹಿಂದಕ್ಕೆ ಓಡ್ತಿದೆ ಅಂದ್ರೂ ಸರಿ. ಹಾಗಾದ್ರೆ ಡೀಸೆಲ್ ಯಾರದ್ದು ಖರ್ಚಾಗ್ತಾ ಇದೆ? ಮರದ್ದೋ?

ಮೇಷ್ಟ್ರು: ಬಸ್ಸಿನದೇ. ಆದ್ರೆ ಸಮವೇಗದಲ್ಲಿ ಸಮತಟ್ಟು ರಸ್ತೆ ಮೇಲೆ ಹೋಗುವಾಗ ಆ ಡೀಸೆಲ್ ಯಾತಕ್ಕೆ ಉರಿಯುತ್ತೆ? ಗಾಳಿ ತಡೆಯುತ್ತೆ, ರಸ್ತೆ ಮೇಲೆ ಉರುಳುವಾಗ ಟೈರು ಅಮುಕಿ ಶಕ್ತಿ ತಿನ್ನುತ್ತೆ, ಗೇರಿನಲ್ಲಿ ಘರ್ಷಣೆ. ಲೆಕ್ಕದಲ್ಲಿ ಬಸ್ಸು, ಮರ ಅಂತ ಇಬ್ಬರೇ ಇದ್ದಾರೆ ಅಂದ್ಕೊಂಡ್ವಿ, ಗಾಳಿ ಮತ್ತು ರಸ್ತೆ ಮೂರನೆಯವರಾಗಿ ಒಳಗೆ ಬಂದರು. ಆ ಮೂರನೆಯವರು ಮರದ ಕಡೆಯವರು, ಮರದ ಜೊತೆ ನಿಂತಿದ್ದಾರೆ. ಅದಕ್ಕೇ ಖರ್ಚು ನಿಮ್ಮ ತಲೆಗೆ ಬಂತು. ಗಾಳಿ, ರಸ್ತೆ ಎರಡೂ ಇಲ್ಲದ ಕಡೆ ನೋಡಿ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳು ಈಗಲೂ ಹೋಗ್ತಾನೇ ಇವೆ, ಮುಂದೆ ಸಾಗೋದಕ್ಕೆ ಅಂತ ಇಂಧನ ಉರಿಸ್ತಾ ಇಲ್ಲ.

ಮಗಳು: ಬ್ರೇಕ್ ಹಾಕಿದಾಗ? ಆಗ ಮುಗ್ಗರಿಸೋದು ಬಸ್ಸಲ್ಲಿರೋರು. ಮರದ ಮೇಲಿರೋ ಕಾಗೆ ಮುಗ್ಗರಿಸಲ್ಲ.

ಮೇಷ್ಟ್ರು: ಶಭಾಷ್. ಅದೇ ಗಡಿ. ವೇಗ ಸಮವಾಗಿ, ನೇರವಾಗಿ ಇರೋವರೆಗೂ ಒಳಗೆ ಕೂತವನಿಗೆ ತಾನು ಚಲಿಸ್ತಿದ್ದೀನೋ ಇಲ್ಲವೋ ಹೇಳೋಕೆ ಯಾವ ದಾರಿಯೂ ಇಲ್ಲ. ವೇಗ ಬದಲಾದ ಕ್ಷಣ ಮೈಗೆ ಗೊತ್ತಾಗುತ್ತೆ. ಗೆಲಿಲಿಯೋ 1632ರ ಪುಸ್ತಕದಲ್ಲಿ ಇದನ್ನ ಹಡಗಿನ ಕೋಣೆಯ ಉದಾಹರಣೆ ಕೊಟ್ಟು ವಿವರಿಸಿದ್ದಾನೆ. ಆ ಪುಸ್ತಕವೂ ಮೂವರ ಮಾತುಕತೆಯೇ. ಕಿಟಕಿ ಮುಚ್ಚಿದ ಕೋಣೆ, ಒಳಗೆ ಹಾರೋ ಚಿಟ್ಟೆಗಳು, ನೀರಿನ ಪಾತ್ರೆಯಲ್ಲಿ ಮೀನು, ಹನಿಹನಿಯಾಗಿ ತೊಟ್ಟಿಕ್ಕೋ ಸೀಸೆ. ಹಡಗು ನಿಂತಿದ್ರೂ ಸಮವಾಗಿ ಸಾಗ್ತಿದ್ರೂ ಚಿಟ್ಟೆ ಎಲ್ಲಾ ಕಡೆ ಒಂದೇ ಥರ ಸಲೀಸಾಗಿ ಹಾರುತ್ತೆ, ಹನಿ ಕೆಳಗಿನ ಪಾತ್ರೆಗೇ ಬೀಳುತ್ತೆ. ನಮ್ಮಲ್ಲಿ ಆರ್ಯಭಟ ಅದಕ್ಕೂ ಸಾವಿರದ ನೂರು ವರ್ಷ ಮೊದಲು, 499ರ ಗ್ರಂಥದಲ್ಲಿ, ದೋಣಿಯ ಹೋಲಿಕೆಯನ್ನೇ ಕೊಟ್ಟ. ಮುಂದೆ ಹೋಗೋ ದೋಣಿಯವನಿಗೆ ದಡದ ಮೇಲಿನ ವಸ್ತುಗಳು ಹಿಂದಕ್ಕೆ ಹೋದ ಹಾಗೆ ಕಾಣುತ್ತಲ್ಲ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋದ ಹಾಗೆ ಕಾಣೋದೂ ಹಾಗೇ ಅಂದ. ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗೋದಾದ್ರೆ ಹಾರಿಹೋದ ಹಕ್ಕಿ ಗೂಡಿಗೆ ವಾಪಸ್ ಬರೋದು ಹೇಗೆ ಅಂತ ಕೇಳಿದ. ಒಳ್ಳೆಯ ಪ್ರಶ್ನೆ ಅದು. ಉತ್ತರ ಆ ಚಿಟ್ಟೆಗಳಲ್ಲಿದೆ. ಹಕ್ಕಿಯೂ ಗಾಳಿಯೂ ಗೂಡೂ ಒಂದೇ ಹಡಗಿನಲ್ಲಿವೆ.

ಡ್ರೈವರ್: ನೀವು ಹಡಗು ನೇರ ಹೋಗುತ್ತೆ ಅಂದ್ರಿ. ನನ್ನ ರಸ್ತೆ ಎಲ್ಲಿ ನೇರ ಇದೆ? ಚಾರ್ಮಾಡಿ ಘಾಟಿಯಲ್ಲಿ ಹೇರ್‌ಪಿನ್ ತಿರುವು ತಗೊಳ್ಳುವಾಗ ಎದುರಿನ ಗುಡ್ಡ ಗಾಜಿನ ಮೇಲೆ ಸರ್ರಂತ ಸುತ್ತಿಬಿಡುತ್ತೆ. ಗುಡ್ಡದ ಮೇಲೆ ನಿಂತವನಿಗೆ ನನ್ನ ಬಸ್ಸು ತೆವಳೋ ಹಾಗೆ ಕಾಣುತ್ತೆ. ಇಲ್ಲಿ ಒಂದೇ ಎಲ್ಲಿ ಬಂತು?

ಮೇಷ್ಟ್ರು: (ನೆಟ್ಟಗೆ ಕೂರುತ್ತಾರೆ) ಇದನ್ನ ನಾನು ತರಗತಿಯಲ್ಲಿ ಮೂವತ್ತು ವರ್ಷ ಹೇಳದೇ ಬಿಟ್ಟೆ, ನೀವು ಡ್ರೈವರ್ ಸೀಟಲ್ಲಿ ಕೂತು ಕಂಡ್ರಿ. ಲೆಕ್ಕ ಹಾಕೋಣ. ಬಸ್ಸು 20ರಲ್ಲಿ, ಅರ್ಧ ಸುತ್ತು ತಿರುಗೋಕೆ ಹತ್ತು ಸೆಕೆಂಡು. ಗುಡ್ಡ ಒಂದು ಕಿಲೋಮೀಟರ್ ದೂರ. ಬಸ್ಸಿನ ಗಾಜನ್ನೇ ಅಳತೆಪಟ್ಟಿ ಮಾಡಿಕೊಂಡು ಅಳೆದ್ರೆ ಗುಡ್ಡ ಆ ಹತ್ತು ಸೆಕೆಂಡಿನಲ್ಲಿ ಅರ್ಧ ವೃತ್ತ ಸುತ್ತಿತು, ಅಂದ್ರೆ 3.14 ಕಿಲೋಮೀಟರ್.

ಮಗಳು: ಸೆಕೆಂಡಿಗೆ 314 ಮೀಟರ್. ಗಂಟೆಗೆ... 1,130 ಕಿಲೋಮೀಟರ್!

ಮೇಷ್ಟ್ರು: ಗುಡ್ಡದವನಿಗೆ ನೀವು 20, ನಿಮಗೆ ಗುಡ್ಡ 1,130. ಇಲ್ಲಿ ಸಮಾನತೆ ನಿಜವಾಗಿಯೂ ಮುರೀತು. ಯಾಕಂದ್ರೆ ಅಳೆಯೋರಲ್ಲಿ ಒಬ್ಬರು ತಿರುಗ್ತಿದ್ದಾರೆ. ತಿರುಗ್ತಿರೋದು ಯಾರು ಅಂತ ಪತ್ತೆ ಮಾಡೋಕೆ ಗುಡ್ಡವನ್ನ ಕೇಳೋದೂ ಬೇಡ, ಬಸ್ಸಿನಲ್ಲಿ ನಿಂತವರು ಒಂದು ಕಡೆಗೆ ವಾಲ್ತಾರಲ್ಲ, ಅದೇ ಸಾಕ್ಷಿ. ಆರ್ಯಭಟನ ದೋಣಿಯ ಹೋಲಿಕೆಗೂ ಇದೇ ಜಾಗದಲ್ಲಿ ಒಂದು ತಿದ್ದುಪಡಿ ಬೇಕು. ದೋಣಿ ನೇರ ಹೋಗುತ್ತೆ, ಭೂಮಿ ತಿರುಗುತ್ತೆ. ಸೂರ್ಯ ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ 4.2 ಬೆಳಕಿನ ವರ್ಷ ದೂರ. ಭೂಮಿಯೇ ನಿಂತಿದೆ ಅಂತ ಹಿಡಿದರೆ ಅದು ದಿನಕ್ಕೆ ಹತ್ತಕ್ಕೂ ಹೆಚ್ಚು ಬೆಳಕಿನ ವರ್ಷದ ಸುತ್ತು ಹಾಕಬೇಕು. 1851ರಲ್ಲಿ ಫೂಕೋ ಪ್ಯಾರಿಸ್‌ನಲ್ಲಿ ಉದ್ದನೆಯ ಲೋಲಕ ತೂಗುಬಿಟ್ಟು, ಅದರ ತೂಗಾಟದ ದಿಕ್ಕು ಗಂಟೆಗಂಟೆಗೂ ಸರಿಯೋದನ್ನ ಜನಕ್ಕೆ ತೋರಿಸಿದ. ಬಸ್ಸಲ್ಲಿ ನಿಂತವರು ವಾಲಿದ ಹಾಗೆ ಅಂದ್ಕೊಳ್ಳಿ. ಆಕಾಶ ನೋಡದೇನೇ ಭೂಮಿ ತಿರುಗೋದನ್ನ ಕಂಡುಕೊಂಡದ್ದು.

ಮಗಳು: ಹಾಗಾದ್ರೆ ಪ್ರಶ್ನೆಪತ್ರಿಕೆಯಲ್ಲಿ ‘ಇಬ್ಬರೂ ತಿರುಗದೆ ಸಮವೇಗದಲ್ಲಿದ್ದರೆ’ ಅಂತ ಬರೀಬೇಕಿತ್ತಲ್ವಾ ಸರ್?

ಮೇಷ್ಟ್ರು: ಬರೀಬೇಕಿತ್ತು. ಆ ಷರತ್ತು ಇಲ್ಲದೆ ಕಲಿಸಿದ್ರೆ ನಿಮ್ಮಪ್ಪನಂಥವರು ಅನುಭವದಿಂದ ಕಂಡದ್ದನ್ನ ಪುಸ್ತಕ ಸುಳ್ಳು ಮಾಡಿದ ಹಾಗಾಗುತ್ತೆ.

ಡ್ರೈವರ್: ಹಾರನ್ನು ಹೇಗೆ? ನಿಂತಿದ್ದಾಗ ಎದುರಿನ ಲಾರಿ ಹಾರನ್ ಮಾಡ್ತಾ ಬಂದ್ರೆ ಸ್ವರ ಏರಿ ಕೇಳುತ್ತೆ, ದಾಟಿದ ಕೂಡಲೇ ಇಳಿಯುತ್ತೆ. ಲಾರಿ ನಿಂತಿದ್ದು ನಾನು ಹತ್ತಿರ ಹೋದ್ರೂ ಅಷ್ಟೇ ಏರುತ್ತಾ?

ಮೇಷ್ಟ್ರು: ಹೆಚ್ಚುಕಡಿಮೆ ಅಷ್ಟೇ, ಪೂರ್ತಿ ಅಷ್ಟೇ ಅಲ್ಲ. ಹಾರನ್ನಿನ ಸ್ವರ ಸೆಕೆಂಡಿಗೆ 400 ಕಂಪನ ಅಂತಿರಲಿ, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 340 ಮೀಟರ್. ಲೆಕ್ಕಕ್ಕೆ ಸುಲಭ ಆಗಲಿ ಅಂತ ಸಾಪೇಕ್ಷ ವೇಗ 34 ಮೀಟರ್, ಅಂದ್ರೆ ಗಂಟೆಗೆ ಸುಮಾರು 122 ಕಿಲೋಮೀಟರ್. ಲಾರಿ ಬಂದ್ರೆ 444 ಕಂಪನ ಕೇಳುತ್ತೆ. ನೀವು ಹೋದ್ರೆ 440. ಸಾಪೇಕ್ಷ ವೇಗ ಒಂದೇ, ಸ್ವರ ಬೇರೆ.

ಡ್ರೈವರ್: ಮತ್ತೆ ಮೂರನೆಯವರು?

ಮೇಷ್ಟ್ರು: ಗಾಳಿಯೇ! ಶಬ್ದ ಓಡೋದು ಗಾಳಿಯ ಮೇಲೆ. ಗಾಳಿ ಯಾರ ಪಕ್ಷದಲ್ಲಿ ನಿಂತಿದೆ ಅನ್ನೋದರ ಮೇಲೆ ಆ ನಾಲ್ಕು ಕಂಪನದ ವ್ಯತ್ಯಾಸ. ಸ್ವರ ಹೀಗೆ ಬದಲಾಗುತ್ತೆ ಅಂತ 1842ರಲ್ಲಿ ಡಾಪ್ಲರ್ ಹೇಳಿದ. 1845ರಲ್ಲಿ ಬೈಸ್ ಬ್ಯಾಲಟ್ ಅನ್ನೋನು ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ರೈಲು ದಾರಿಯಲ್ಲಿ ತುತ್ತೂರಿಯವರನ್ನ ರೈಲಿಗೆ ಹತ್ತಿಸಿ ಊದಿಸಿದ. ಸ್ವರ ಗುರುತಿಸಬಲ್ಲ ಸಂಗೀತಗಾರರು ಹಳಿ ಪಕ್ಕ ನಿಂತು ಕೇಳಿದರು. ಇನ್ನು ಬೆಳಕಿಗೆ ಬನ್ನಿ. ಖಾಲಿ ಜಾಗದಲ್ಲಿ ಬೆಳಕಿಗೆ ಗಾಳಿ ಬೇಕಿಲ್ಲ. ದೀಪ ನಿಮ್ಮ ಕಡೆ ಬಂತೋ ನೀವು ದೀಪದ ಕಡೆ ಹೋದ್ರೋ, ಬಣ್ಣ ಬದಲಾಗೋದು ಸಾಪೇಕ್ಷ ವೇಗವೊಂದರಿಂದಲೇ. ಮೂರನೆಯವರಿಗೆ ಅಲ್ಲಿ ಜಾಗವೇ ಇಲ್ಲ.

ಡ್ರೈವರ್: ಅದು ಹೇಗೆ ಗೊತ್ತಾಯ್ತು?

ಮೇಷ್ಟ್ರು: ಅದಕ್ಕೆ ನೀವು ಕೈಯಲ್ಲಿ ಬಿಚ್ಚಿ ಜೋಡಿಸಿರೋ ಸಾಮಾನೇ ಸಾಕು. ಹಳೇ ಗಾಡಿಗಳಲ್ಲಿ ಡೈನಮೋ ಇರ್ತಿತ್ತಲ್ಲ, ಅದರಲ್ಲಿ ತಿರುಗ್ತಿದ್ದದ್ದು ಏನು?

ಡ್ರೈವರ್: ಆರ್ಮೇಚರ್. ತಂತಿ ಸುತ್ತಿರೋ ಭಾಗ. ಈಗ ಆಲ್ಟರ್ನೇಟರ್ ಬಂದಿದೆ, ಅದರಲ್ಲಿ ಅಯಸ್ಕಾಂತದ ಭಾಗ ತಿರುಗುತ್ತೆ, ಕರೆಂಟ್ ಕೊಡೋ ತಂತಿ ನಿಂತಿರುತ್ತೆ. ಬ್ಯಾಟರಿ ಚಾರ್ಜ್ ಮಾಡೋದು ಎರಡೂ.

ಮೇಷ್ಟ್ರು: ಅದೇ. ತಿರುಗೋದರಲ್ಲಿ ಬೇರೆ ಸೂಕ್ಷ್ಮ ಇದೆ, ಈಗಷ್ಟೇ ಹೇರ್‌ಪಿನ್‌ನಲ್ಲಿ ನೋಡಿದ್ವಿ. ಆದ್ರಿಂದ ನೇರ ಚಲನೆಯನ್ನೇ ತಗೊಳ್ಳೋಣ. ತಂತಿಯ ಸುರುಳಿಯ ಕಡೆ ಅಯಸ್ಕಾಂತ ತಳ್ಳಿದ್ರೂ, ಅಯಸ್ಕಾಂತದ ಕಡೆ ಸುರುಳಿ ತಳ್ಳಿದ್ರೂ ಅಷ್ಟೇ ವೇಗಕ್ಕೆ ಅಷ್ಟೇ ಕರೆಂಟು. ಫ್ಯಾರಡೆ 1831ರಲ್ಲಿ ಕಂಡಿದ್ದು. ಆದ್ರೆ ಆಮೇಲೆ ಬಂದ ಸಿದ್ಧಾಂತ ಎರಡಕ್ಕೂ ಬೇರೆ ಬೇರೆ ಕಾರಣ ಕೊಡ್ತಿತ್ತು. ಅಯಸ್ಕಾಂತ ಚಲಿಸಿದ್ರೆ ವಿದ್ಯುತ್ ಕ್ಷೇತ್ರ ಹುಟ್ಟುತ್ತೆ, ಸುರುಳಿ ಚಲಿಸಿದ್ರೆ ಹುಟ್ಟಲ್ಲ, ತಂತಿಯೊಳಗಿನ ವಿದ್ಯುದಂಶವನ್ನ ಕಾಂತವೇ ತಳ್ಳುತ್ತೆ. ಫಲ ಒಂದೇ ಇರುವಾಗ ಕಾರಣ ಎರಡು ಯಾಕೆ ಅಂತ ಒಬ್ಬ 26 ವರ್ಷದ ಪೇಟೆಂಟ್ ಕಚೇರಿ ನೌಕರನಿಗೆ ತಡೆಯಲಾರದಷ್ಟು ಕಸಿವಿಸಿ ಆಯ್ತು. ಐನ್‌ಸ್ಟೈನ್ 1905ರ ತನ್ನ ಲೇಖನ ಶುರು ಮಾಡಿದ್ದೇ ಈ ಮಾತಿನಿಂದ. ಬೆಳಕಿನ ವೇಗ, ಗಡಿಯಾರ ಎಲ್ಲಾ ಆಮೇಲೆ. ಸಾಪೇಕ್ಷ ವೇಗದ ಸಮಾನತೆಯನ್ನ ಪ್ರಾಮಾಣಿಕವಾಗಿ ನಂಬಿದ್ದರಿಂದಲೇ ಅವನು ಅಲ್ಲಿಗೆ ತಲುಪಿದ ಅಂತ ನನ್ನ ಅಭಿಪ್ರಾಯ.

ಮಗಳು: ಬೆಳಕಿನ ಹತ್ತಿರದ ವೇಗದಲ್ಲೂ ಸಮಾನತೆ ಉಳಿಯುತ್ತಾ? ಅಲ್ಲಿ ಉದ್ದ ಕುಗ್ಗುತ್ತೆ, ಗಡಿಯಾರ ನಿಧಾನ ಆಗುತ್ತೆ ಅಂತಾರೆ. ದೂರವೂ ಬದಲು, ಕಾಲವೂ ಬದಲು ಅಂದಮೇಲೆ ವೇಗ ಮಾತ್ರ ಹೇಗೆ ಒಂದೇ?

ಮೇಷ್ಟ್ರು: ಇದಕ್ಕೆ ಉತ್ತರ ನಮ್ಮ ಕೋಲಾರದ ಕಡೆಯೇ ಇದೆ. ಆಕಾಶದಿಂದ ವಿಶ್ವಕಿರಣ ಬಂದು ವಾತಾವರಣದ ಮೇಲ್ಗಡೆ ಬಡಿದಾಗ ಮ್ಯೂಆನ್ ಅನ್ನೋ ಕಣ ಹುಟ್ಟುತ್ತೆ. 1950ರ ದಶಕದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರ ಚಿನ್ನದ ಗಣಿಯ ಆಳದಲ್ಲಿ ಇವು ಬಂಡೆಯೊಳಗೆ ಎಷ್ಟು ದೂರ ಇಳೀತವೆ ಅಂತ ಅಳೆದರು. ಮ್ಯೂಆನ್‌ನ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ, ಅಂದ್ರೆ 2.2 ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲೇ ಓಡಿದ್ರೂ ಅಷ್ಟರಲ್ಲಿ 660 ಮೀಟರ್ ದಾಟಬಹುದು. ಹುಟ್ಟೋದು ಸುಮಾರು 15 ಕಿಲೋಮೀಟರ್ ಮೇಲೆ. ನೆಲ ಮುಟ್ಟಲೇಬಾರದು, ಆದ್ರೆ ಮುಟ್ಟುತ್ತೆ. ಬೆಳಕಿನ ವೇಗದ 99.92 ಶೇಕಡಾದಲ್ಲಿ ಬರೋ ಒಂದು ಮ್ಯೂಆನ್ ತಗೋ. ಅದರ ಗಡಿಯಾರ ನಮಗೆ 25 ಪಟ್ಟು ನಿಧಾನ. ನಾವು 15 ಕಿಲೋಮೀಟರ್ ದೂರವನ್ನ 50 ಮೈಕ್ರೋಸೆಕೆಂಡಿನಿಂದ ಭಾಗಿಸ್ತೀವಿ. ಮ್ಯೂಆನ್ ಕಡೆಯಿಂದ ನೋಡಿದ್ರೆ ಅದು ನಿಂತಿದೆ, ಭೂಮಿಯೇ ಅದರ ಮೇಲೆ ಬೀಳ್ತಾ ಇದೆ, ವಾತಾವರಣ 25 ಪಟ್ಟು ಕುಗ್ಗಿ 600 ಮೀಟರ್ ಆಗಿದೆ, ಹಿಡಿದ ಕಾಲ 2 ಮೈಕ್ರೋಸೆಕೆಂಡು. ಭಾಗಿಸಿ ನೋಡು.

ಮಗಳು: ದೂರ, ಕಾಲ ಎರಡೂ 25 ಪಟ್ಟೇ ಕಡಿಮೆಯಾಗಿದೆ. ಭಾಗಲಬ್ಧ ಒಂದೇ.

ಮೇಷ್ಟ್ರು: ದೂರದ ಬಗ್ಗೆ ಒಮ್ಮತ ಇಲ್ಲ, ಕಾಲದ ಬಗ್ಗೆ ಇಲ್ಲ. ಸಾಪೇಕ್ಷ ಜವದ ಬಗ್ಗೆ ಇದೆ. ಯಾಕಿರಬೇಕು ಅಂದ್ರೆ, ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು ಕಂಡರೆ ಖಾಲಿ ಜಾಗಕ್ಕೇ ಒಬ್ಬರ ಮೇಲೆ ಪಕ್ಷಪಾತ ಇದ್ದ ಹಾಗಾಯ್ತು. ಖಾಲಿ ಜಾಗದ ಯಾವ ಮೂಲೆಯೂ ಇನ್ನೊಂದಕ್ಕಿಂತ ಮೇಲಲ್ಲ, ಯಾವ ದಿಕ್ಕೂ ಇನ್ನೊಂದಕ್ಕಿಂತ ಮೇಲಲ್ಲ. ಹೆಚ್ಚು ಅಂತ ಹೇಳೋಕೆ ಅಲ್ಲಿ ಆಧಾರವೇ ಇಲ್ಲ.

ಡ್ರೈವರ್: ಕೂಡಿಸೋದಾದ್ರೂ ನಮ್ಮ ಹಾಗೇನಾ? ಅರವತ್ತು ಅರವತ್ತು ನೂರಿಪ್ಪತ್ತು?

ಮೇಷ್ಟ್ರು: ಇಲ್ಲ. ಎರಡು ನೌಕೆ ಎದುರುಬದುರು ಬೆಳಕಿನ 0.6ರ ವೇಗದಲ್ಲಿ ಬಂದ್ರೆ, ನೆಲದ ಮೇಲಿನವನ ಲೆಕ್ಕದಲ್ಲಿ ನಡುವಿನ ಅಂತರ 1.2ರಂತೆ ಕರಗುತ್ತೆ. ತಪ್ಪಿಲ್ಲ, ಅದು ಯಾವ ಒಂದು ವಸ್ತುವಿನ ವೇಗವೂ ಅಲ್ಲ. ನೌಕೆಯವರಿಬ್ಬರೂ ಅಳೆಯೋದು 0.88. ಇಬ್ಬರೂ ಅಷ್ಟೇ. ಈಗ ಮಗೂ, ನನಗೆ ತುಂಬಾ ಇಷ್ಟವಾದ ಲೆಕ್ಕ. ಪುಟ ತಿರುಗಿಸು. ಒಂದು ನೌಕೆ ಪೂರ್ವಕ್ಕೆ 0.6, ಇನ್ನೊಂದು ಉತ್ತರಕ್ಕೆ 0.8. ಮೊದಲನೆಯವನಿಗೆ ಎರಡನೆಯದು ಪಶ್ಚಿಮಕ್ಕೆ 0.6 ಸರಿಯೋದು ಕಾಣುತ್ತೆ. ಅದರ ಉತ್ತರದ 0.8 ಮಾತ್ರ ಅವನಿಗೆ ಇಳಿದು 0.8 ಪಟ್ಟಾಗಿ ಕಾಣುತ್ತೆ, ಅವನ ಓಟದಿಂದ ಕಾಲದ ಅಳತೆ ಬದಲಾಗಿದೆ. ಎರಡನೆಯವನಿಗೆ ಮೊದಲನೆಯದು ದಕ್ಷಿಣಕ್ಕೆ 0.8, ಪೂರ್ವದ 0.6 ಮಾತ್ರ 0.6 ಪಟ್ಟು. ವರ್ಗ ಮಾಡಿ ಕೂಡಿಸು.

ಮಗಳು: ಮೊದಲನೆಯವನಿಗೆ 0.6ರ ವರ್ಗ 0.36, 0.64ರ ವರ್ಗ 0.4096... 0.7696. ಎರಡನೆಯವನಿಗೆ 0.36ರ ವರ್ಗ 0.1296, 0.8ರದ್ದು 0.64... ಸರ್, ಇದೂ 0.7696!

ಮೇಷ್ಟ್ರು: ವರ್ಗಮೂಲ ಸುಮಾರು 0.877. ಬಿಡಿ ಅಂಕಿಗಳು ಒಂದೂ ಹೊಂದಲಿಲ್ಲ, ಮೊತ್ತ ಕೂದಲೆಳೆಯಷ್ಟೂ ತಪ್ಪಲಿಲ್ಲ. ನಾನು ಮೊದಲ ಸಲ ಈ ಲೆಕ್ಕ ಮಾಡಿದ ರಾತ್ರಿ ನಿದ್ದೆ ಬಂದಿರಲಿಲ್ಲ. ಈಗ ದಿಕ್ಕು ನೋಡು, ನಿನ್ನ ಅಂಕ ಹೋಗಿದ್ದು ಅಲ್ಲೇ ತಾನೇ?

ಮಗಳು: ಮೊದಲನೆಯವನು ‘ಅವನು ವಾಯವ್ಯಕ್ಕೆ ಹೋಗ್ತಿದ್ದಾನೆ, ಪಶ್ಚಿಮದಿಂದ 47 ಡಿಗ್ರಿ’ ಅಂತಾನೆ. ಎರಡನೆಯವನು ‘ಅವನು ಆಗ್ನೇಯಕ್ಕೆ, ಪೂರ್ವದಿಂದ 66 ಡಿಗ್ರಿ’ ಅಂತಾನೆ. ಎದುರುಬದುರು ಅಲ್ಲವೇ ಅಲ್ಲ ಸರ್. ಹತ್ತಿರ ಹತ್ತಿರ 19 ಡಿಗ್ರಿ ಜಾರಿದೆ.

ಡ್ರೈವರ್: ಮೂರನೆಯವರು ಯಾರು ಇಲ್ಲಿ?

ಮೇಷ್ಟ್ರು: ನೆಲ. ಪೂರ್ವ, ಉತ್ತರ ಅನ್ನೋ ದಿಕ್ಕುಗಳನ್ನ ಇಬ್ಬರೂ ನೆಲದಿಂದ ಎರವಲು ತಂದಿದ್ದಾರೆ. ಬೇರೆ ಬೇರೆ ದಿಕ್ಕಿಗೆ ಓಡ್ತಾ ತಂದದ್ದರಿಂದ ಅವರ ದಿಕ್ಸೂಚಿಗಳು ಒಂದಕ್ಕೊಂದು ಹೋಲಿಸಿದ್ರೆ 19 ಡಿಗ್ರಿ ತಿರುಗಿವೆ. ಇಬ್ಬರ ನಡುವಿನ ಗೆರೆಯನ್ನೇ ದಿಕ್ಕು ಅಂತ ಇಟ್ಕೊಂಡ್ರೆ ಮತ್ತೆ ಎದುರುಬದುರೇ. ಇದು ಬರೀ ಕಾಗದದ ಲೆಕ್ಕ ಅಲ್ಲ. ಪರಮಾಣುವಿನೊಳಗೆ ಸುತ್ತೋ ಎಲೆಕ್ಟ್ರಾನಿಗೆ ಕ್ಷಣಕ್ಷಣಕ್ಕೂ ದಿಕ್ಕು ಹೀಗೇ ಜಾರುತ್ತೆ. ಅದನ್ನ ಸೇರಿಸದೆ ಹಾಕಿದ ಲೆಕ್ಕ ಹೈಡ್ರೋಜನ್ನಿನ ಬೆಳಕಿನ ಗೆರೆಗಳ ಸೂಕ್ಷ್ಮ ಸೀಳಿಗೆ ಎರಡು ಪಟ್ಟು ತಪ್ಪಿ ಬರ್ತಿತ್ತು. 1926ರಲ್ಲಿ ಥಾಮಸ್ ಅನ್ನೋ ಯುವಕ ಸರಿಪಡಿಸಿದ.

(ಮಳೆ ಜೋರಾಗುತ್ತದೆ. ಡ್ರೈವರ್ ರಸ್ತೆಯ ಕಡೆ ನೋಡುತ್ತಾರೆ.)

ಡ್ರೈವರ್: ಮೇಷ್ಟ್ರೇ, ಆವತ್ತು ಅವನು ನನಗೆ ಕಂಡಾಗ ನಡುವೆ 50 ಮೀಟರ್ ಇದ್ದಿರಬೇಕು. ಅವನಿಗೆ ಎಷ್ಟು ಹೊತ್ತು ಸಿಕ್ಕಿರಬಹುದು?

ಮೇಷ್ಟ್ರು: ನಮ್ಮ ಊಹೆಯ 120ನ್ನೇ ಹಿಡಿದ್ರೆ ಸೆಕೆಂಡಿಗೆ 33 ಮೀಟರ್. ಒಂದೂವರೆ ಸೆಕೆಂಡು. ನಿಮಗೂ ಅಷ್ಟೇ. ಸಮಾನತೆ ಅಂತ ನಿಜವಾಗಿ ಇದ್ದದ್ದು ಆ ಒಂದೂವರೆ ಸೆಕೆಂಡಿನಲ್ಲಿ. ಕಂಡು, ಅರ್ಥವಾಗಿ, ಕಾಲು ಬ್ರೇಕಿಗೆ ಹೋಗೋಕೇ ಒಂದು ಸೆಕೆಂಡು ಹಿಡಿಯುತ್ತೆ. ನೀವು ಮಾಡಬಹುದಾದ್ದು ಹೆಚ್ಚೇನೂ ಇರಲಿಲ್ಲ. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ಲೆಕ್ಕ ಹಾಗಿದೆ.

ಡ್ರೈವರ್: ಹಿಂದಿಕ್ಕೋ ಲೆಕ್ಕ ಒಂದು ಮಾಡಿಕೊಡಿ. ಹೊಸ ಹುಡುಗರು ಡಿಪೋಗೆ ಬಂದಿದ್ದಾರೆ. ಮುಂದೆ ಲಾರಿ 60ರಲ್ಲಿದೆ, ನಾವು 80. ಎದುರಿಂದ ಬರೋದೂ 80.

ಮೇಷ್ಟ್ರು: ಮಗೂ, ನೀನು ಮಾಡು. ಲಾರಿ ಹಿಂದೆ 20 ಮೀಟರ್, ಮುಂದೆ 20 ಮೀಟರ್ ಅಂತರ, ಲಾರಿ ಬಸ್ಸು ಎರಡರ ಉದ್ದ ಸೇರಿ ಇನ್ನೊಂದು 20. ಒಟ್ಟು 60 ಮೀಟರ್ ಗಳಿಸಬೇಕು. ಎರಡು ಸಾಪೇಕ್ಷ ವೇಗ ಬೇಕು. ಲಾರಿಗೆ ಹೋಲಿಸಿ 20, ಎದುರಿನವನಿಗೆ ಹೋಲಿಸಿ 160.

ಮಗಳು: 20 ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್. 60 ಮೀಟರಿಗೆ ಹತ್ತಿರ ಹತ್ತಿರ 11 ಸೆಕೆಂಡು. ಅಷ್ಟರಲ್ಲಿ ಎದುರಿನದಕ್ಕೂ ನಮಗೂ ನಡುವಿನ ದೂರ ಸೆಕೆಂಡಿಗೆ 44 ಮೀಟರಿನಂತೆ... 480 ಮೀಟರ್ ಕರಗುತ್ತೆ.

ಡ್ರೈವರ್: ಬಸ್ಸು 80 ಎಳೆಯದಿದ್ರೆ? ಮಂಗಳೂರು ಕಡೆಯಿಂದ ಏರಿನಲ್ಲಿ 70 ಎಳೆದ್ರೆ ಹೆಚ್ಚು.

ಮಗಳು: ಲಾರಿಗೆ ಹೋಲಿಸಿ 10 ಮಾತ್ರ. 60 ಮೀಟರಿಗೆ ಇಪ್ಪತ್ತೊಂದೂವರೆ ಸೆಕೆಂಡು. ಎದುರಿನದಕ್ಕೆ ಹೋಲಿಸಿ 150... 900 ಮೀಟರ್ ಅಪ್ಪ.

ಡ್ರೈವರ್: ಆ ಎರಡು ಸಾಲು ದೊಡ್ಡ ಅಕ್ಷರದಲ್ಲಿ ಬರೆದುಕೊಡು ಮಗಳೇ, ನಾಳೆ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅಂಟಿಸ್ತೀನಿ. ಬಸ್ಸು 80, ಲಾರಿ 60, ಎದುರು 80: ಖಾಲಿ ರಸ್ತೆ 480 ಮೀಟರ್ ಕಾಣಬೇಕು. ಬಸ್ಸು 70 ಆದ್ರೆ 900 ಮೀಟರ್. ಶಿರಾಡಿಯಲ್ಲಿ ಅಷ್ಟು ಉದ್ದಕ್ಕೆ ರಸ್ತೆ ಕಾಣೋ ತಿರುವು ಒಂದೂ ಇಲ್ಲ.